ನಾವು ಹನ್ನೊಂದು ಸಲ, ಅವರು ಆರು ಸಲ

ಕಳೆದ ತಿಂಗಳು ಶಿರಾದ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಕೂತಿದ್ದೆ. ಅಂಗಡಿಯವರು ಕಾದ ಬೆಸುಗೆ ಕಡ್ಡಿಯನ್ನು ರಾಳಕ್ಕೆ ಅದ್ದಿದರು. ಸುಯ್ ಎಂದು ಹೊಗೆ ಎದ್ದಿತು. ಆ ವಾಸನೆಗೆ ನಮ್ಮ ವಿಜ್ಞಾನದ ಮೇಷ್ಟ್ರು ಎದುರಿಗೆ ಬಂದು ನಿಂತಂತಾಯಿತು. ಅವರ ಅಂಗಿಯ ತೋಳಿಗೆ ಸದಾ ಇದೇ ವಾಸನೆ... ಅವರು ತೀರಿಕೊಂಡರೆಂಬ ಕಾರ್ಡು ಬಂದು ಅಂದಿಗೆ ಹದಿನಾರು ದಿನವಾಗಿತ್ತು.

ನಾನು ಆಗ ಮಧುಗಿರಿಯಲ್ಲಿ ಹತ್ತನೇ ತರಗತಿ. ಮೇಷ್ಟ್ರ ಬಳಿ ಹವ್ಯಾಸಿ ರೇಡಿಯೋದ ಪರವಾನಗಿ ಇತ್ತು. ಅದಕ್ಕಾಗಿ ಆರು ವರ್ಷ ಕಾದಿದ್ದರಂತೆ. ಆಕಾಶದಲ್ಲಿ ಭೂಮಿಯನ್ನು ಸುತ್ತುತ್ತಿದ್ದ ನೌಕೆಯೊಂದರ ಗಗನಯಾತ್ರಿ ಬಿಡುವಾದಾಗ ಕೆಳಗಿನ ಹವ್ಯಾಸಿಗಳ ಜೊತೆ ಮಾತಾಡುತ್ತಾನೆಂದು ಅವರಿಗೆ ಬೆಂಗಳೂರಿನ ಗೆಳೆಯರೊಬ್ಬರು ತಿಳಿಸಿದ್ದರು. ನೌಕೆ ಮೂರು ದಿನದಲ್ಲಿ ಇಳಿಯುವುದಿತ್ತು. ಅದು ಶಾಲೆಯ ಹೊತ್ತಿನಲ್ಲಿ ನಮ್ಮ ಮೇಲೆ ಹಾದುಹೋಗುವುದು ಒಂದೇ ಸಲ: ಗುರುವಾರ ಮಧ್ಯಾಹ್ನ ಮೂರು ನಲವತ್ತರಿಂದ ಎಂಟು ನಿಮಿಷ. ಮೇಷ್ಟ್ರು ಎರಡು ಸಂಜೆ ಕೂತು ಲೆಕ್ಕ ಹಾಕಿದ್ದರು.

ಮಾತಾಡಲು ಆರಿಸಿದ್ದು ಎಂಟನೇ ತರಗತಿಯ ಒಬ್ಬ ಹುಡುಗಿಯನ್ನು. ಕುರಿ ಸಾಕುವವರ ಮನೆಯವಳು, ಏಳು ಮೈಲಿ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. 'ನಿಮಗೆ ಅಲ್ಲಿಂದ ನಮ್ಮ ಬೆಟ್ಟ ಕಾಣುತ್ತದೆಯೇ?' ಇದು ಅವಳ ಪ್ರಶ್ನೆ. ಮೇಷ್ಟ್ರು ಅದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಡೈರಿ ಬರೆಯುವವಳೆಂದು ನನಗೆ ಕೊಟ್ಟದ್ದು ಸಮಯದ ಕೆಲಸ. "ಟೈಮು ನಿನ್ನ ಜವಾಬ್ದಾರಿ ಕಣಮ್ಮ" ಎಂದಿದ್ದರು.

ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಯ ಪೀಪ್ ಸದ್ದಿಗೆ ವಾಚು ಹೊಂದಿಸುವುದು ನನ್ನ ಅಭ್ಯಾಸ. ಆ ಗುರುವಾರ ರೇಡಿಯೋದ ಸೆಲ್ಲು ಮುಗಿದಿತ್ತು. ಶಾಲೆಗೆ ಬಂದು ಅಲ್ಲಿನ ಗೋಡೆ ಗಡಿಯಾರ ನೋಡಿ ಹೊಂದಿಸಿಕೊಂಡೆ. ಹೆಡ್‌ಮೇಷ್ಟ್ರೂ ಅದಕ್ಕೇ ಹೊಂದಿಸಿಕೊಳ್ಳುತ್ತಿದ್ದರು.

ಕರೆಂಟು ಇರಲಿಲ್ಲ. ಕಾಂಪೌಂಡಿಗೆ ಇಟ್ಟಿಗೆ ತಂದಿದ್ದ ಪಾವಗಡ ಕಡೆಯ ಟ್ರ್ಯಾಕ್ಟರಿನವನು ಮಾತು ಕಳಿಸುವ ಪೆಟ್ಟಿಗೆಗೆ ತನ್ನ ಬ್ಯಾಟರಿ ಬಿಚ್ಚಿಕೊಟ್ಟ. ಅವನ ಗಾಡಿಗೆ ಲೈಟಿರಲಿಲ್ಲ, ಕತ್ತಲಾಗುವ ಮೊದಲು ಊರು ಸೇರಬೇಕು. ಮೂರು ಐವತ್ತಕ್ಕೆ ಹೊರಟೇಬಿಡುತ್ತೇನೆಂದ.

ಮೂರು ನಲವತ್ತಕ್ಕೆ ನಾನು ಕೈ ಎತ್ತಿದೆ. ಮೇಷ್ಟ್ರು ಕರೆದರು, ಕಿವಿಗೊಟ್ಟರು, ಮತ್ತೆ ಕರೆದರು. ಹುಡುಗಿ ಮೈಕಿನ ಪಕ್ಕ ತುಟಿ ಆಡಿಸುತ್ತ ನಿಂತಿದ್ದಳು. ಹನ್ನೊಂದು ಸಲ ಕರೆದದ್ದು ಡೈರಿಯಲ್ಲಿದೆ. ಬರೀ ಸೊರ್ರೋ ಸದ್ದು...

"ಏಮಿ ಸಾಮೀ, ಮ್ಯಾಲಿನೋರು ಪಲುಕೋದೇ ಇಲ್ವಾ? ಟೀ ಕುಡಿಯಕ್ಕೆ ಇಳ್ದಿರ್ಬೇಕು ಬುಡಿ" ಎಂದು ತೆಲುಗು ಬೆರೆಸಿ ನಗುತ್ತ ಟ್ರ್ಯಾಕ್ಟರಿನವನು ಬ್ಯಾಟರಿ ಎತ್ತಿಕೊಂಡ. ಶಾಲೆಯ ಗಡಿಯಾರ ನೋಡಿ, ಹೇಳಿದ ಹೊತ್ತಿಗೆ ಸರಿಯಾಗಿಯೇ. ಅದನ್ನು ಕೂರಿಸಿ, ಗಾಡಿ ಚಾಲೂ ಮಾಡಿ, ಗೇಟು ದಾಟಿದ.

ಆಗ ಬಂತು ದನಿ.

ಕೇಳುವ ಪೆಟ್ಟಿಗೆ ಪುಟ್ಟ ಸೆಲ್ಲಿನಲ್ಲಿ ನಡೆಯುತ್ತಿತ್ತು, ಆರಿಸಿರಲಿಲ್ಲ. ನೌಕೆ ಬೆಟ್ಟದ ಮರೆ ದಾಟಿ ಈಚೆ ಬಂದಿರಬೇಕು. ಪಕ್ಕದ ಮನೆಯಿಂದ ಕೂಗಿದಷ್ಟು ಸ್ಪಷ್ಟ. ಕೆಳಗೆ ಯಾರಾದರೂ ಕೇಳುತ್ತಿದ್ದೀರಾ, ಎಂದು ಇಂಗ್ಲಿಷಿನಲ್ಲಿ ಕೇಳಿತು. ಇಬ್ಬರು ಹುಡುಗರು ಕೈ ಬೀಸಿ ಕೂಗುತ್ತ ಟ್ರ್ಯಾಕ್ಟರಿನ ಹಿಂದೆ ಓಡಿದರು. ಬೀಳ್ಕೊಡುತ್ತಿದ್ದಾರೆಂದುಕೊಂಡು ಅವನೂ ಕೈ ಬೀಸಿದ, ಹೋಗಿಯೇಬಿಟ್ಟ. ಮೇಷ್ಟ್ರು ಸತ್ತ ಮೈಕನ್ನು ಹಿಡಿದುಕೊಂಡೇ ಇದ್ದರು. ಗಗನಯಾತ್ರಿ ಆರು ಸಲ ಕೇಳಿದ. ಹುಡುಗಿ ತಡೆಯಲಾರದೆ, ದನಿ ಬರುತ್ತಿದ್ದ ಪೆಟ್ಟಿಗೆಗೇ ಬಗ್ಗಿ ತನ್ನ ಪ್ರಶ್ನೆಯನ್ನು ಪೂರ್ತಿ ಒಪ್ಪಿಸಿದಳು. ದನಿ ಸಣ್ಣಗಾಗುತ್ತ ಹೋಗಿ ನಿಂತಿತು.

"ನಿಮ್ಮ ಲೆಕ್ಕ ತಪ್ಪಿತಲ್ರೀ ಮೇಷ್ಟ್ರೇ" ಎಂದರು ಹೆಡ್‌ಮೇಷ್ಟ್ರು, ಎಲ್ಲರೆದುರು. "ತಪ್ಪಿತು ಸಾರ್" ಎಂದರು ಇವರು.

ಸಂಜೆ ಅಪ್ಪ ಹೊಸ ಸೆಲ್ಲು ತಂದರು. ವಾರ್ತೆಯ ಪೀಪ್ ಬಂದಾಗ ನನ್ನ ವಾಚು ಹತ್ತು ನಿಮಿಷ ಮುಂದಿತ್ತು. ಎರಡು ಸಲ ನೋಡಿದೆ. ಬೆಳಿಗ್ಗೆ ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ.

"ಸಾರ್, ನಿಮ್ಮ ಲೆಕ್ಕ ಸರಿಯಾಗಿತ್ತು. ನಾನೇ ಸ್ಕೂಲಿನ ಗಡಿಯಾರಕ್ಕೆ ವಾಚಿಟ್ಕೊಂಡಿದ್ದೆ."

ಅವರು ಗೋಡೆ ಗಡಿಯಾರದ ಕಡೆ ನೋಡಿದರು. "ಅದನ್ನ ಮುಂದಕ್ಕಿಟ್ಟಿದ್ದು ನಾನೇ ಕಣಮ್ಮ. ಗಂಟೆ ಬೇಗ ಹೊಡೆದ್ರೆ ಹಳ್ಳಿ ಮಕ್ಳಿಗೆ ನಾಲ್ಕೂವರೆ ಬಸ್ಸು ಸಿಗ್ತದೆ. ನೀನು ರೇಡಿಯೋಗೆ ಇಟ್ಕೊಂಡಿರ್ತೀಯ ಅಂದ್ಕೊಂಡುಬುಟ್ಟೆ..."

"ಹೆಡ್‌ಮೇಷ್ಟ್ರಿಗೆ ನಾನು ಹೇಳ್ತೀನಿ ಸಾರ್."

"ಹೇಳಿದ್ರೆ ಇವತ್ತೇ ಸರಿ ಮಾಡಿಸ್ತಾರೆ. ಬಸ್ಸು ಕಾಯಲ್ಲ. ಡೈರಿನಾಗೂ ಬರೀಬ್ಯಾಡ."

ಆ ಬಸ್ಸಿಗೆ ಹೋಗುತ್ತಿದ್ದ ಮಕ್ಕಳು ಹತ್ತೊಂಬತ್ತು. ಪ್ರಶ್ನೆ ಒಪ್ಪಿಸಿದ ಹುಡುಗಿಯೂ ಅವರಲ್ಲೊಬ್ಬಳು. ಡೈರಿಯಲ್ಲಿ 'ಕಾರಣ' ಎಂಬಲ್ಲಿ ಖಾಲಿ ಬಿಟ್ಟೆ. ಮೇಷ್ಟ್ರು ಸೈಕಲ್ಲಿನಲ್ಲಿ ಹೋಗುವಾಗ "ಲೇ, ಮೇಲಿಂದ ಕರೀತಾವ್ರೆ ಕಣ್ಲಾ!" ಎಂದು ಹುಡುಗರು ಕೂಗುತ್ತಿದ್ದರು. ಕೂಗುವವರಲ್ಲಿ ಆ ಬಸ್ಸಿನವರೂ ಇದ್ದರು. ನಾನು ಬಾಯಿ ಬಿಡುವಂತಿರಲಿಲ್ಲ. ಜೂನಿನಲ್ಲಿ ಅವರಿಗೆ ವರ್ಗವಾಯಿತು. ಆ ಪೆಟ್ಟಿಗೆಯನ್ನು ಮತ್ತೆ ಶಾಲೆಗೆ ತರಲೇ ಇಲ್ಲ...

ಕಳೆದ ತಿಂಗಳು ಅದೇ ದಿನ, ಶಿರಾದಿಂದ ಕೊರಟಗೆರೆಗೆ ಹಿಂದಿರುಗುವಾಗ ಮಧುಗಿರಿಯಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಹಳ್ಳಿಯ ಬಸ್ಸು ಹೊರಟಿತು. ಅದು ತಿರುವು ದಾಟುವ ಹೊತ್ತಿಗೆ ಶಾಲೆಯ ಗಂಟೆ ಕೇಳಿಸಿತು. ವಾಚು ನೋಡಿದೆ: ನಾಲ್ಕೂವರೆ ಕಳೆದು ಒಂದು ನಿಮಿಷ. ಗಡಿಯಾರವನ್ನು ಯಾರೋ ಸರಿಮಾಡಿದ್ದರು. ಸ್ವಲ್ಪ ಹೊತ್ತಿಗೆ ಮಕ್ಕಳು ಚೀಲ ಹೊತ್ತು ಓಡುತ್ತ ಬಂದರು. ಎಣಿಸಿದೆ, ಹದಿಮೂರು. ಕಂಟ್ರೋಲರ್ ಕಿಟಕಿಗೆ ಹೋಗಿ ಕೇಳಿದರೆ, "ಟೈಮಿಗೇ ಬುಟ್ಟಿದೀವಿ ಕಣಮ್ಮ" ಎಂದರು. ಮಕ್ಕಳು ನಡೆಯತೊಡಗಿದರು.

ಮನೆಗೆ ಬಂದು ಹಳೆಯ ಡೈರಿ ತೆಗೆದೆ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಖಾಲಿ ಬಿಟ್ಟಿದ್ದ ಜಾಗದಲ್ಲಿ 'ಮೇಷ್ಟ್ರ ಲೆಕ್ಕ ಸರಿಯಾಗಿತ್ತು' ಎಂದು ಬರೆದೆ. ತೋರಿಸಲು ಅವರಿಲ್ಲ.