ಕುಣಿಗಲ್ ಟಿವಿಯ ಮೂರು ಕೆಂಪು ಕಲೆ

ಬೆಳಕು ಆರಿದ ಮೇಲೆಯೇ ಮನುಷ್ಯನ ನಿಜವಾದ ಸ್ವಭಾವ ಹೊರಬೀಳುತ್ತದೆ. ಇಲ್ಲಿ ನಾನು ಹೇಳುತ್ತಿರುವುದು ಮೂವತ್ತೆರಡು ಇಂಚಿನ ಟಿವಿಯೊಳಗಿನ ಬೆಳಕನ್ನು. ಅದಕ್ಕಿಂತ ದೊಡ್ಡ ಬೆಳಕುಗಳ ವಿಷಯ ನನಗೆ ಗೊತ್ತಿಲ್ಲ, ಅವುಗಳ ರಿಪೇರಿಯೂ ಬರುವುದಿಲ್ಲ.

ಎರಡು ವರ್ಷದ ಹಿಂದಿನ ಮಾತು. ತುಮಕೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಟಿವಿ ರಿಪೇರಿ ಅಂಗಡಿ ಇಟ್ಟು ಆಗ ಮೂವತ್ನಾಲ್ಕನೇ ವರ್ಷ. ಮನೆ ಇರುವುದು ಗುಬ್ಬಿಯಲ್ಲಿ. ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹಿಂತಿರುಗುತ್ತಿದ್ದೆ. ಕೆಲಸ ಕಲಿತದ್ದು ಪಿಕ್ಚರ್ ಟ್ಯೂಬಿನ ಕಾಲದಲ್ಲಿ. ಆಗ ಟಿವಿ ಎತ್ತಲು ಇಬ್ಬರು ಬೇಕಿತ್ತು, ಮೆಕಾನಿಕ್‌ನನ್ನು ನಂಬಲು ಒಬ್ಬ ಸಾಕಿತ್ತು. ಈಗ ಟಿವಿಯನ್ನು ಒಬ್ಬನೇ ಕಂಕುಳಲ್ಲಿ ಇರುಕಿಕೊಂಡು ತರುತ್ತಾನೆ. ನಂಬುವ ಕೆಲಸಕ್ಕೆ ಮಾತ್ರ ಮನೆಮಂದಿಯೆಲ್ಲ ಬರಬೇಕಾಗುತ್ತದೆ.

ಬ್ಯಾಕ್‌ಲೈಟ್ ಎಂದರೇನು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇಂದಿನ ಎಲ್‌ಇಡಿ ಟಿವಿಯ ಗಾಜಿನ ಪ್ಯಾನೆಲ್ ಚಿತ್ರ ಬಿಡಿಸುತ್ತದೆ, ಆದರೆ ತಾನಾಗಿ ಬೆಳಗುವುದಿಲ್ಲ. ಅದರ ಬೆನ್ನಿಗೆ ಪುಟ್ಟ ಪುಟ್ಟ ದೀಪಗಳ ಪಟ್ಟಿಗಳಿರುತ್ತವೆ. ನಾನು ಹೇಳಹೊರಟ ಮೂವತ್ತೆರಡು ಇಂಚಿನ ಟಿವಿಯಲ್ಲಿ ಪಟ್ಟಿ ಮೂರು, ಪಟ್ಟಿಗೆ ಏಳರಂತೆ ಇಪ್ಪತ್ತೊಂದು ದೀಪ. ಪ್ರತಿ ದೀಪದ ಮೇಲೂ ಗುಂಡಗಿನ ಲೆನ್ಸ್, ನೋಡಲು ಅಂಗಿಯ ಗುಂಡಿಯ ಹಾಗೆ. ಹಬ್ಬದ ಸೀರಿಯಲ್ ಸೆಟ್ಟಿನ ದೀಪಗಳಂತೆ ಎಲ್ಲವೂ ಒಂದೇ ಸರಪಳಿ. ಒಂದು ಸುಟ್ಟರೆ ಎಲ್ಲವೂ ಆರುತ್ತವೆ. ಆಗ ಟಿವಿಯಲ್ಲಿ ಮಾತು ಕೇಳುತ್ತದೆ, ಮುಖ ಕಾಣುವುದಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಮಾತ್ರ ಕತ್ತಲಲ್ಲಿ ಯಾರೋ ಅಳುತ್ತಿರುವುದು ಮಸುಕಾಗಿ ಗೊತ್ತಾಗುತ್ತದೆ.

ಕುಣಿಗಲ್ಲಿನಲ್ಲಿ ಇಲಿಯಾಸ್ ಎಂಬ ನನ್ನ ಹಳೆಯ ಸ್ನೇಹಿತನ ಫ್ಯಾನು, ಮಿಕ್ಸಿಯ ಅಂಗಡಿಯಿದೆ. ಅಲ್ಲಿ ಕೆಟ್ಟ ಟಿವಿಗಳನ್ನು ವಾರಕ್ಕೊಮ್ಮೆ ಗೂಡ್ಸ್ ಆಟೋದಲ್ಲಿ ನನಗೆ ಕಳಿಸುವವನು ಅವನೇ. ನನ್ನ ಅರ್ಧ ಕೆಲಸ ಆ ದಾರಿಯಿಂದಲೇ ಬರುತ್ತಿತ್ತು. ಆ ಸಲ ಬಂದ ಟಿವಿಯ ಜೊತೆ ಒಂದು ಹಾಳೆಯೂ ಇತ್ತು: “ಹಿಂಬದಿಯ ಸ್ಕ್ರೂ ಎಂಟು. ಎಂಟಕ್ಕೂ ಕೆಂಪು ಮೊಹರು ಹಾಕಲಾಗಿದೆ. ಒಳಗಿನ ಯಾವುದೇ ಭಾಗವನ್ನು ಬದಲಿಸಿದಲ್ಲಿ ಹಳೆಯದನ್ನು ಹಿಂತಿರುಗಿಸತಕ್ಕದ್ದು.” ಕೆಂಪು ಮೊಹರು ಎಂದರೆ ನೈಲ್‌ಪಾಲಿಶ್.

ಹಾಳೆ ಬರೆದ ನಂಜುಂಡಯ್ಯನವರು ಅಳತೆ ಮತ್ತು ತೂಕದ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಅಂಗಡಿಯ ಕಬ್ಬಿಣದ ತೂಕದ ಬಟ್ಟನ್ನು ತಿರುಗಿಸಿ ನೋಡಿದರೆ ತಳದಲ್ಲೊಂದು ಗುಂಡು ಕುಳಿ, ಕುಳಿಯ ತುಂಬ ಸೀಸ, ಸೀಸದ ಮೇಲೆ ಸರ್ಕಾರದ ಮುದ್ರೆ ಇರುತ್ತದೆ. ಮೂವತ್ತು ವರ್ಷ ಆ ಮುದ್ರೆ ಒತ್ತಿದ ಕೈ ಅವರದು. ಅಷ್ಟೂ ವರ್ಷ ತಕ್ಕಡಿಯ ಹಿಂದೆ ನಿಂತ ಯಾರನ್ನೂ ಅವರು ನಂಬಿದವರಲ್ಲ, ನಂಬಿದ್ದರೆ ಸಂಬಳವೇ ದಂಡವಾಗುತ್ತಿತ್ತು.

ಮೂರೂ ಪಟ್ಟಿಗಳನ್ನು ಬದಲಿಸಿ, ಎರಡು ದಿನ ಓಡಿಸಿ ನೋಡಿ, ಹಳೆಯ ಪಟ್ಟಿಗಳನ್ನು ಕವರಿಗೆ ಹಾಕಿ ಟಿವಿಯ ಜೊತೆ ಕಳಿಸಿದೆ. ಎರಡು ತಿಂಗಳಿಗೆ ಇಲಿಯಾಸ್ ಫೋನ್ ಮಾಡಿದ.

“ರಂಗಣ್ಣಾ, ಇನ್‌ಸ್ಪೆಕ್ಟರ್ ಟಿವಿ ಮತ್ತೆ ಕತ್ಲಾಗದೆ. ನೀನು ಹಳೇ ಪಟ್ಟಿ ಹಾಕಿದೀಯ ಅಂತ ಟೀ ಅಂಗಡೀಲಿ ಕೂತ್ಕೊಂಡು ದಿನಾ ಹೇಳ್ತಾವ್ರೆ. ನಿನ್ಹತ್ರ ಕಳ್ಸೋದಾದ್ರೆ ಬ್ಯಾಡ ಅಂತ ನಿನ್ನೆ ಇಬ್ರು ಟಿವಿ ವಾಪಸ್ ತಗಂಡ್ ಹೋದ್ರು.”

ಆ ವಾರ ಆಟೋ ಖಾಲಿ ಬಂತು. ಮರುವಾರ ಬರಲೇ ಇಲ್ಲ. ನಂಜುಂಡಯ್ಯನವರ ಭಾಮೈದನ ಮನೆ ಗುಬ್ಬಿಯಲ್ಲಿ, ನಮ್ಮ ಪಕ್ಕದ ಬೀದಿಯಲ್ಲೇ ಇದೆ. ಹೀಗಾಗಿ ಸುದ್ದಿ ನನಗಿಂತ ಮೊದಲು ರೈಲು ಹತ್ತಿತ್ತು. ಹಿಟ್ಟಿನ ಗಿರಣಿಯಿಂದ ಬಂದ ನನ್ನ ಹೆಂಡತಿ ಗಂಗಮ್ಮ ಚೀಲ ಇಳಿಸುವ ಮೊದಲೇ ಕೇಳಿದಳು: “ಹಳೇ ಲೈಟು ಹಾಕಿ ಕೊಟ್ರಂತೆ, ಹೌದಾ?”

ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ಆ “ಹೌದಾ” ನನ್ನನ್ನು ಚುಚ್ಚಿದಷ್ಟು ಬೇರೇನೂ ಚುಚ್ಚಿಲ್ಲ. ನಂಜುಂಡಯ್ಯನವರಿಗೆ ನಾನೇ ಫೋನ್ ಮಾಡಿದೆ.

“ಹೊಸ ಪಟ್ಟಿ ಎರಡು ತಿಂಗಳಿಗೆ ಸಾಯುತ್ತೇನ್ರಿ?” ಎಂದರು. “ಅದೂ ಅಲ್ದೆ ಕತ್ತಲಾಗೋಕೆ ಮುಂಚೆ ಚಿತ್ರದ ಎಡಗಡೆ ಮೂರು ಕೆಂಪು ಕಲೆ ಬರ್ತಿದ್ವು. ಒಂದರ ಕೆಳಗೊಂದು. ವಾರ್ತೆ ಓದೋ ಹುಡುಗಿ ಅತ್ಲಾಗೆ ವಾಲಿದ್ರೆ ಕಿವಿಗೆ ಜ್ವರ ಬಂದಂಗೆ ಕಾಣೋದು. ಇದು ಹಳೇ ಮಾಲಿನ ಲಕ್ಷಣ ಅಲ್ವಾ?”

“ತಂದ್ಕೊಡಿ ಸಾರ್, ಬಿಚ್ಚಿ ನೋಡ್ತೀನಿ.”

“ಆಗೋದಿಲ್ಲ. ಹೊಸ ಪಟ್ಟಿ ನಾನೇ ತರಿಸಿದೀನಿ. ಮನೇಲೇ ಬಿಚ್ತೀನಿ, ನಾನೇ ಹಾಕ್ತೀನಿ. ನೀವು ಭಾನುವಾರ ಬಂದು ಕೂತ್ಕೊಂಡು ನೋಡಿ. ಕೈ ಹಾಕಂಗಿಲ್ಲ.”

“ಕೈ ಹಾಕಂಗಿಲ್ಲ ಅಂದ್ಮೇಲೆ ನಾನ್ಯಾಕೆ ಸಾರ್?”

“ಆರೋಪಿ ಇಲ್ದೆ ಮಹಜರು ಮಾಡಬಾರ್ದು.”

ಭಾನುವಾರ ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಕೆಂಪು ಕಲೆಗಳೇ ತಲೆಯಲ್ಲಿ. ಹಳೆಯ ಎಲ್‌ಇಡಿ ಸಾಯುವ ಮೊದಲು ನೀಲಿಯಾಗುತ್ತದೆ, ಕೆಲವೊಮ್ಮೆ ನೇರಳೆಯಾಗುತ್ತದೆ. ಕೆಂಪಾದದ್ದನ್ನು ನಾನು ಕಂಡವನಲ್ಲ. ಅಂದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ. ಯಾರು? ಮೊದಲು ಪಟ್ಟಿ ಮಾರಿದ ಡೀಲರನ ಮೇಲೆ ಅನುಮಾನ ಬಂತು. ಹೆಬ್ಬೂರು ದಾಟುವಷ್ಟರಲ್ಲಿ ಅದು ಇಲಿಯಾಸನ ಕಡೆ ತಿರುಗಿತ್ತು. ರಿಪೇರಿಯಾದ ಟಿವಿ ಅವನ ಅಂಗಡಿಯಲ್ಲಿ ಎರಡು ದಿನ ಇತ್ತಲ್ಲ! ಇಪ್ಪತ್ತು ವರ್ಷದ ಸ್ನೇಹವನ್ನು ಒಂದು ಬಸ್ ಪ್ರಯಾಣ ಹೀಗೆ ತೂಗಿ ನೋಡಿತು.

ಇಳಿದವನೇ ಅವನ ಅಂಗಡಿಗೆ ಹೋಗಿ, ಟೀ ಕುಡಿಯುತ್ತ, ಸುಮ್ಮನೆ ಕೇಳುವವನಂತೆ ಕೇಳಿದೆ: “ಆ ಟಿವಿ ನಿನ್ನ ಅಂಗಡೀಲಿದ್ದಾಗ ಯಾರಾದ್ರೂ ಬಿಚ್ಚಿದ್ರೇನೋ?”

ಇಲಿಯಾಸ್ ಲೋಟ ಕೆಳಗಿಟ್ಟ. “ನನ್ನ ಮೇಲೂನಾ ಅಣ್ಣಾ?”

“ಹಂಗಲ್ವೋ...”

“ಹಂಗೇ ಕಣಣ್ಣ. ಹಿಂಗಾಗುತ್ತೆ ಅಂತ್ಲೇ ನಾನು ಫೋಟೋ ಹೊಡ್ಕಂಡಿದೀನಿ.” ಮೊಬೈಲ್ ತೆಗೆದು ತೋರಿಸಿದ. ಟಿವಿ ಅವರ ಮನೆಯಿಂದ ಬಂದಾಗಿನ ಬೆನ್ನು, ನನ್ನಿಂದ ಬಂದಾಗಿನ ಬೆನ್ನು, ಅವರ ಮನೆಗೆ ಹೋಗುವಾಗಿನ ಬೆನ್ನು, ಎಂಟೂ ಸ್ಕ್ರೂ ಎಣಿಸುವಷ್ಟು ಸ್ಪಷ್ಟವಾಗಿ. “ಅವರನ್ನ ನಂಬಕ್ಕಾಗಲ್ಲ. ನಿನ್ನೂ ಪೂರ್ತಿ ನಂಬಿರ್ಲಿಲ್ಲ, ಬೇಜಾರ್ ಮಾಡ್ಕೋಬೇಡ.”

ಕೊನೆಯ ಫೋಟೋದಲ್ಲಿ ಸ್ಕ್ರೂಗಳ ಮೇಲೆ ಬಣ್ಣವಿರಲಿಲ್ಲ. ಬಿಚ್ಚುವಾಗ ನಾನೇ ಕೆರೆದು ತೆಗೆದಿದ್ದೆ. ಇಬ್ಬರೂ ಕೂಡಿ ನಂಜುಂಡಯ್ಯನವರ ಮನೆಗೆ ಹೋದೆವು. ನಡುಮನೆಯ ಮಂಚದ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ ಟಿವಿಯನ್ನು ಬೋರಲು ಮಲಗಿಸಿದ್ದರು. ಎಂಟೂ ಸ್ಕ್ರೂಗಳ ಮೇಲೆ ಹೊಚ್ಚಹೊಸ ಕೆಂಪು ಬೊಟ್ಟು.

“ಈ ಮೊಹರು ಯಾವಾಗ ಹಾಕಿದ್ರಿ ಸಾರ್?”

“ಟಿವಿ ವಾಪಸ್ ಬಂದ್ಮೇಲೆ.”

“ಬರೀ ಮೊಹರು ಹಾಕಿದ್ರೋ, ಬಿಚ್ಚಿನೂ ನೋಡಿದ್ರೋ?”

“ಪ್ರಶ್ನೆ ಕೇಳೋನು ನಾನು,” ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡರು.

ನನಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಸಾಕ್ಷಿಗಳು ಇಬ್ಬರು: ಇಲಿಯಾಸ್ ಮತ್ತು ನಂಜುಂಡಯ್ಯನವರ ಪತ್ನಿ ಜಯಮ್ಮ. ಎರಡು ವಾರದಿಂದ ಧಾರಾವಾಹಿಗಳನ್ನು ರೇಡಿಯೋದಂತೆ ಕೇಳುತ್ತಿದ್ದ ಜಯಮ್ಮನವರು ಯಾರ ಪರವೂ ಇರಲಿಲ್ಲ.

ನಾನು ಹೇಳುತ್ತ ಹೋದೆ, ಅವರು ಮಾಡುತ್ತ ಹೋದರು. ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಬೇಕು, ಕೆಪಾಸಿಟರ್‌ನಲ್ಲಿ ಕರೆಂಟು ಉಳಿದಿರುತ್ತದೆ. ಹಿಂಬದಿಯ ಕವರ್ ತೆಗೆದು ಕನೆಕ್ಟರ್ ಬಿಡಿಸಬೇಕು. ಪ್ಯಾನೆಲಿನ ಅಂಚಿನಲ್ಲಿರುವ, ರಿಬ್ಬನ್ನಿನಂಥ ತೆಳು ವೈರುಪಟ್ಟಿ ಕೂದಲೆಳೆಯಷ್ಟು ಹರಿದರೂ ಟಿವಿ ಮುಗಿದಂತೆ. ಆ ಮಾಡೆಲ್‌ನಲ್ಲಿ ಕೆಳಗಡೆ ಕಪ್ಪು ಟೇಪಿನಡಿ ಇನ್ನೊಂದು ಸ್ಕ್ರೂ ಅಡಗಿರುತ್ತದೆ. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ನಂಜುಂಡಯ್ಯನವರು ಟೇಪನ್ನು ಉಗುರಿನಿಂದ ಎಬ್ಬಿಸಿ ಅದನ್ನು ತೆಗೆದಾಗಿತ್ತು.

ನಾನು ಇಲಿಯಾಸನ ಮುಖ ನೋಡಿದೆ. ಅವನು ಸೂರು ನೋಡಿದ. ಈ ಕೈ ಇಲ್ಲಿಗೆ ಮೊದಲೂ ಬಂದಿತ್ತು.

ಟಿವಿಯನ್ನು ಅಂಗಾತ ತಿರುಗಿಸಿ ಮುಂಬದಿಯ ಚೌಕಟ್ಟು ತೆಗೆದ ಮೇಲೆ ಉಳಿದದ್ದು ಪ್ಯಾನೆಲ್ ಎತ್ತುವ ಕೆಲಸ. ಗಾಜು ಹಪ್ಪಳದಷ್ಟು ತೆಳು. ಬಾಗಿದರೆ ಬಿರುಕು ಬಿಡುತ್ತದೆ, ಬಿಟ್ಟರೆ ಹೊಸ ಟಿವಿಯೇ ಗತಿ. ಇದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ವಿವರಿಸಿದೆನೆಂದು ಒಪ್ಪಿಕೊಳ್ಳುತ್ತೇನೆ. ಕೇಳಿದ ಮೇಲೆ ಅವರು ಅಂಚುಗಳನ್ನು ಬೆರಳ ತುದಿಯಲ್ಲಷ್ಟೇ ಹಿಡಿದು ಎತ್ತಹೋದರು. ಒಂದು ಅಂಚು ಎದ್ದಿತು, ಇನ್ನೊಂದು ಏಳಲಿಲ್ಲ. ಗಾಜು ನಡುವೆ ಬಾಗಿತು.

“ಹಿಡೀರಿ ರಂಗಸ್ವಾಮಿಯೋರೇ.”

“ಕೈ ಹಾಕಂಗಿಲ್ಲ ಅಂದಿದ್ರಲ್ಲ ಸಾರ್.” ಒಡೆದರೆ ಅದೂ ನನ್ನ ತಲೆಗೇ ಬರುತ್ತದೆಂದು ನನಗೆ ಗೊತ್ತಿತ್ತು.

“ಅಯ್ಯೋ, ಇಬ್ರೂ ಸೇರ್ಕೊಂಡು ಇರೋದನ್ನೂ ಒಡೆದಾಕ್ತೀರಾ?” ಜಯಮ್ಮ ಎದ್ದು ನಿಂತರು. “ಹಿಡ್ಕೊಳ್ರೀ ಸುಮ್ನೆ! ಸಾಕ್ಷಿ ನಾನಿದೀನಿ.”

ಹಿಡಿದೆ. ಇಬ್ಬರೂ ಉಸಿರು ಬಿಗಿಹಿಡಿದು ಎತ್ತಿ ದಿಂಬುಗಳ ಮೇಲೆ ಇಳಿಸಿದೆವು. ಅದರ ಕೆಳಗಿನ ಬಿಳಿ ಹಾಳೆಗಳನ್ನು ಅವರು ಒಂದೊಂದಾಗಿ ತೆಗೆದರು. ಕೊನೆಯ ಹಾಳೆ ಎದ್ದಾಗ ಒಳಗೆ ಮೂರು ಸಾಲು ಲೆನ್ಸುಗಳು. ಪ್ರತಿ ಸಾಲಿನ ಎಡತುದಿಯ ಲೆನ್ಸಿನ ಮೇಲೆ, ಒಂದರ ಕೆಳಗೊಂದರಂತೆ, ದುಂಡಗೆ, ಅಚ್ಚುಕಟ್ಟಾಗಿ, ಕೆಂಪು ನೈಲ್‌ಪಾಲಿಶ್. ಮಧ್ಯದ ಸಾಲಿನದು ಕರಕಲಾಗಿತ್ತು.

ಮೊದಲು ಬಾಯಿ ಬಿಟ್ಟವರು ಜಯಮ್ಮ.

“ಇದು ನಮ್ಮ ವೀಣಾ ಬಾಟ್ಲಿ ಬಣ್ಣ!” ವೀಣಾ ಅವರ ಮಗಳು, ಹಬ್ಬಕ್ಕೆ ಬಂದಾಗ ಬಾಟ್ಲಿ ಮರೆತು ಹೋಗಿದ್ದಳು. “ಅರ್ಧ ಖಾಲಿ ಆಗಿತ್ತು ಅಂತ ಕೆಲಸದ ರತ್ನಮ್ಮನ ಮೇಲೆ ಅನುಮಾನ ಪಟ್ಟು ಎರಡು ತಿಂಗಳಿಂದ ಅವಳನ್ನ ರೂಮಿಗೇ ಬಿಟ್ಟಿಲ್ಲ ಕಣ್ರೀ! ಸ್ಕ್ರೂಗೆ ಒಂದೊಂದು ತೊಟ್ಟು ಅಂತ ತಾನೇ ನೀವು ಇಸ್ಕೊಂಡಿದ್ದು?”

ನಾನು ಮೆಲ್ಲಗೆ ಒಂದು ಪಟ್ಟಿಯನ್ನು ಬಿಡಿಸಿ ಬೆನ್ನು ತಿರುಗಿಸಿದೆ. ಅಲ್ಲಿ ಪೆನ್ಸಿಲ್‌ನಲ್ಲಿ ನನ್ನ ಸಣ್ಣ ಗುರುತು, ಹಾಕಿದ ತಿಂಗಳು. ಮೊಹರಿನ ವಿದ್ಯೆ ಅವರಿಗೊಬ್ಬರಿಗೇ ಗೊತ್ತೆಂದು ಯಾರೂ ಭಾವಿಸಬಾರದು. ನಾನು ಹಿಂತಿರುಗಿಸಿದ್ದ ಹಳೆಯ ಪಟ್ಟಿಗಳನ್ನು ಅವರೇ ಬೀರುವಿನಿಂದ ತಂದು ಪಕ್ಕದಲ್ಲಿಟ್ಟು ನೋಡಿದರು. ಅವು ಕಂದು ತಿರುಗಿದ್ದವು. ಒಳಗಿನವು, ಆ ಮೂರು ದೀಪ ಬಿಟ್ಟರೆ, ಬೆಳ್ಳಗಿದ್ದವು.

ನಂಜುಂಡಯ್ಯನವರು ಮಂಚದ ತುದಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದರು. ಜಯಮ್ಮ ಮಗಳ ಮನೆಗೆ ಹೋಗಿದ್ದ ದಿನ ಮೊಬೈಲ್‌ನಲ್ಲಿ ವಿಡಿಯೋ ನೋಡಿಕೊಂಡು ಒಬ್ಬರೇ ಟಿವಿ ಬಿಚ್ಚಿದ್ದರು. ಪಟ್ಟಿ ಹೊಸದೇ ಎಂದು ಅವರಿಗೆ ಆವತ್ತೇ ಕಂಡಿತ್ತು. ಇನ್ನು ಮುಂದೆ ಯಾರೂ ಬದಲಿಸಬಾರದೆಂದು ಪಟ್ಟಿಗೊಂದು ಗುರುತು ಹಾಕಿ ಮುಚ್ಚಿದ್ದರು.

“ಅದು ಮುಚ್ಚಳ ಅಂದ್ಕೊಂಡೆ,” ಎಂದರು.

“ಯಾವ ಮುಚ್ಚಳ ಸಾರ್?”

“ಸೀಸದ್ದು... ಬಟ್ಟಿನ ತಳದಲ್ಲಿ ಇರುತ್ತಲ್ಲ. ಗುಂಡಗಿತ್ತು. ಕೈ ತಾನಾಗೇ ಹೋಯ್ತು.”

“ಅದೇ ಸಾರ್ ಲೈಟು. ಬಣ್ಣ ಬೆಳಕನ್ನ ತಡೀತು, ಶಾಖ ಒಳಗೇ ಉಳೀತು, ಸುಟ್ಟೋಯ್ತು. ಪಟ್ಟಿ ಹೊಸದು ಅಂತ ಕಣ್ಣಾರೆ ನೋಡಿದ್ರಿ. ಕೆಂಪು ಕಲೆನೂ ನೋಡಿದ್ರಿ. ಒಂದು ಸಲನಾದ್ರೂ ಅನುಮಾನ ಬರ್ಲಿಲ್ವಾ?”

ಅವರು ಕರಕಲಾದ ಲೆನ್ಸನ್ನು ಉಗುರಿನಿಂದ ಕೆರೆದು ನೋಡಿದರು. “ನನ್ನ ಕಣ್ಣಿಗೇ ಮೋಸ ಮಾಡಿದೀರ ಅಂತ ಅನುಮಾನ ಬಂತು. ನಿಮ್ಮ ಮೇಲೆ ಬಂತು, ಇಲಿಯಾಸ್ ಮೇಲೆ ಬಂತು, ಕಂಪನಿ ಮೇಲೂ ಬಂತು. ನನ್ನ ಮೊಹರಿನ ಮೇಲೆ ಮಾತ್ರ ಬರ್ಲಿಲ್ಲ ಕಣ್ರಿ.”

ನಗು ಬಂದಿತ್ತು, ತಡೆದುಕೊಂಡೆ. ಆ ಬೆಳಿಗ್ಗೆ ಬಸ್ಸಿನಲ್ಲಿ ನಾನು ಇಲಿಯಾಸನನ್ನು ತೂಗಿದ್ದೆ. ಆ ತಕ್ಕಡಿಗೆ ಯಾರ ಮುದ್ರೆ ಇತ್ತು?

ಹೊಸ ಪಟ್ಟಿಗಳನ್ನು ನಂಜುಂಡಯ್ಯನವರೇ ಹಾಕಿದರು. ಕೈ ತೊಳೆದು ಬಂದು, ಹಾಳೆಗಳನ್ನು ತೆಗೆದ ಕ್ರಮದಲ್ಲೇ ಮರಳಿ ಜೋಡಿಸಿದರು. ಪ್ಯಾನೆಲನ್ನು ಈ ಸಲ ಕೇಳದೆಯೇ ನನ್ನ ಕಡೆ ಒಂದು ಅಂಚು ಮಾಡಿ ಹಿಡಿದರು. ಪ್ಲಗ್ ಹಾಕಿದಾಗ ಬೆಳಕು ಬಂತು. ವಾರ್ತೆಯ ಹುಡುಗಿಯ ಕಿವಿಗೆ ಜ್ವರ ಬಿಟ್ಟಿತ್ತು. ಜಯಮ್ಮ ನಮ್ಮನ್ನು ಮರೆತು ಚಾನೆಲ್ ಬದಲಿಸಿದರು.

ಮರುದಿನ ಇಲಿಯಾಸನ ಅಂಗಡಿಯ ಗಾಜಿಗೆ ಒಂದು ಹಾಳೆ ಅಂಟಿತು: “ಪರಿಶೀಲನೆಯಲ್ಲಿ ಪಟ್ಟಿಗಳು ಹೊಸವೇ ಎಂದು ದೃಢಪಟ್ಟಿದೆ. ಬೆಳಕು ಆರಲು ಕಾರಣ ನಾನು ಹಾಕಿದ ಮೊಹರು.” ಕೆಳಗೆ ಸಹಿ. ಟೀ ಅಂಗಡಿಯಲ್ಲೂ ಅವರೇ ನಿಂತು ಓದಿ ಹೇಳಿದರಂತೆ. ಜಯಮ್ಮ ರತ್ನಮ್ಮನಿಗೆ ಮತ್ತೆ ರೂಮು ಗುಡಿಸಲು ಹೇಳಿದರಂತೆ, ಕಾರಣ ಮಾತ್ರ ಹೇಳಲಿಲ್ಲವಂತೆ. ಇಲಿಯಾಸ್ ಫೋನಿನಲ್ಲಿ, “ಆ ಫೋಟೋಗಳ್ನ ಡಿಲೀಟ್ ಮಾಡ್ಲಾ ಅಣ್ಣಾ?” ಎಂದು ಕೇಳಿದ. “ಇರ್ಲಿ ಬುಡು” ಎಂದೆ. ಅವನು ಕಳಿಸಿದ ಹಾಳೆಯ ಚಿತ್ರವನ್ನು ಗಂಗಮ್ಮನಿಗೆ ತೋರಿಸಿದೆ. ಅವಳು ಎರಡು ಸಲ ಓದಿ, “ಅವರೇ ಬರೆದಿದ್ದಾ?” ಎಂದಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಅನುಮಾನವಿರುವ ಗಿರಾಕಿಯನ್ನು ಅಂಗಡಿಯ ಹೊರಗೆ ನಿಲ್ಲಿಸಬಾರದು, ಒಳಗೆ ಕರೆದು ಪ್ಯಾನೆಲಿನ ಒಂದು ಅಂಚನ್ನು ಅವನ ಕೈಗೇ ಕೊಡಬೇಕು. ಅಷ್ಟು ತೆಳುವಾದ ಗಾಜನ್ನು ಎದುರುಬದುರು ನಿಂತು ಹಿಡಿದಿರುವಾಗ ಇಬ್ಬರ ಕೈಗೂ ಜಗಳಕ್ಕೆ ಬಿಡುವಿರುವುದಿಲ್ಲ. ಅಂದಿನಿಂದ ಹಾಗೆಯೇ ಮಾಡುತ್ತಿದ್ದೇನೆ.

ಮೂರನೇ ವಾರದಿಂದ ಕುಣಿಗಲ್ಲಿನ ಟಿವಿಗಳು ಮತ್ತೆ ಬರತೊಡಗಿದವು. ಈಗ ಅಲ್ಲಿಂದ ಬರುವ ಎಲ್ಲ ಟಿವಿಗಳ ಹಿಂಬದಿಯ ಸ್ಕ್ರೂಗಳಿಗೂ ನೈಲ್‌ಪಾಲಿಶ್ ಹಾಕಿರುತ್ತಾರೆ.