ಬೈಗುಳ ನಿಂತ ದಿನ

ನಮ್ಮ ಅತ್ತೆ ಭಾಗಮ್ಮನವರಿಗಿಂತ ಅವರ ದನಿ ಮೊದಲು ಬಾಗಿಲು ದಾಟುತ್ತಿತ್ತು. ಅಫಜಲಪುರದ ಆ ಓಣಿಗೆ ಬೆಳಗಾದದ್ದು ಅವರ ಬೈಗುಳದಿಂದಲೇ ಗೊತ್ತಾಗುತ್ತಿತ್ತು. ಎಮ್ಮೆಗೆ ಒಂದು, ಹೊತ್ತಿಕೊಳ್ಳದ ಒಲೆಗೆ ಒಂದು, ತಡವಾಗಿ ನೀರು ಬಂದ ನಳಕ್ಕೆ ಒಂದು, ಕೊನೆಗೆ ನನಗೆ. ಪ್ರಾಣಿಶಾಸ್ತ್ರ ಓದಿ ಆ ಮನೆ ಸೇರಿದ ನನ್ನನ್ನು ಓಣಿಗೆಲ್ಲ ಕೇಳುವಂತೆ ಪರಿಚಯಿಸಿದ್ದು ಹೀಗೆ: "ನೋಡ್ರಿ ಯವ್ವಾ, ಯೂನಿವರ್ಸಿಟಿ ಸೊಸಿ ಬಂದಾಳ. ಕಪ್ಪಿ ಕೊಯ್ಯಾಕ ಬರ್ತದ, ಬದನೀಕಾಯಿ ಕೊಯ್ಯಾಕ ಬರಂಗಿಲ್ಲ!"

ಮೊದಲ ತಿಂಗಳು ನಾನು ಅಳುತ್ತಲೇ ಇದ್ದೆ. ಆಮೇಲೆ ನೆರೆಯ ಹೆಂಗಸರನ್ನು ನೋಡಿ ತಿಳಿದುಕೊಂಡೆ, ಆ ಬೈಗುಳ ಯಾರಿಗೂ ನಾಟುವುದಿಲ್ಲ. ಅವರಿಂದ ಬೈಸಿಕೊಳ್ಳದ ದಿನ ಮಂದಿಗೇ ಏನೋ ತಪ್ಪಿದಂತಾಗುತ್ತಿತ್ತು.

ಅವರ ಇನ್ನೊಂದು ಗುಣ ಅರ್ಥವಾಗಲು ನನಗೆ ಹೆಚ್ಚು ಕಾಲ ಹಿಡಿಯಿತು. ಅವರು ಯಾವುದನ್ನೂ ಪೂರ್ತಿ ಮುಚ್ಚುತ್ತಿರಲಿಲ್ಲ. ಹಾಲಿನ ಪಾತ್ರೆಯ ಮೇಲೆ ತಟ್ಟೆ ಓರೆಯಾಗಿಯೇ ಇರಬೇಕು. ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಚಳಿಯಲ್ಲೂ ತೆರೆದ ಬಾಗಿಲಿನ ಎದುರೇ ಅವರ ಹಾಸಿಗೆ. ಬೆಕ್ಕು ಬಂದು ಹಾಲು ಕುಡಿದು ಹೋದರೆ ಬೆಕ್ಕಿಗೆ ಬೈಯುತ್ತಿದ್ದರೇ ಹೊರತು ತಟ್ಟೆ ಸರಿಪಡಿಸುತ್ತಿರಲಿಲ್ಲ. ಜೇವರ್ಗಿಗೆ ಕೊಟ್ಟ ಕಿರಿಯ ಮಗಳು ಶಾಂತಾಳಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಳಿಸುವಾಗಲೂ ಡಬ್ಬಿಯ ಮುಚ್ಚಳವನ್ನು ಸಡಿಲವಾಗಿ ಇಟ್ಟು ಮೇಲೊಂದು ಅರಿವೆ ಕಟ್ಟುತ್ತಿದ್ದರು. ಒಯ್ಯುವವರ ಚೀಲವೆಲ್ಲ ಹಿಂಡಿಯಾಗುತ್ತಿತ್ತು. ಕೇಳಿದರೆ, "ಬಿಗದು ಮುಚ್ಚಿದ್ರ ಹಿಂಡಿಗೂ ದಮ್ಮ ಕಟ್ತದ" ಎನ್ನುತ್ತಿದ್ದರು.

ಅವರ ಹಿರಿಯ ಮಗ ಶರಣಪ್ಪ, ನನ್ನ ಗಂಡ, ತಾಯಿಗೆ ತದ್ವಿರುದ್ಧ. ಮೆಲುದನಿಯ ಪ್ರಾಥಮಿಕ ಶಾಲೆ ಮಾಸ್ತರರು. ಮಾಸ್ತರರಾಗಿಯೂ ಶಾಲೆಯ ಗಂಟೆಗೇ ಬೆಚ್ಚಿಬೀಳುವವರು. ಶಾಲೆಯ ಸಿಪಾಯಿ ಪಾಪ, ಬಾರಿಸುವ ಮುಂಚೆ ಇವರ ಕಿಟಕಿಗೆ ಬಂದು "ಹೊಡೀಲೇನ್ರಿ ಸರ?" ಎಂದು ಕೇಳಿ, ಇವರು ತಲೆಯಾಡಿಸಿದ ಮೇಲೆ ಹೋಗಿ ಬಾರಿಸುತ್ತಿದ್ದ. ಎಲ್ಲರೂ ಒಮ್ಮೊಮ್ಮೆ ಬೆಚ್ಚುತ್ತಾರೆ. ಇವರ ತೊಂದರೆಯೆಂದರೆ ಅದು ಇಳಿಯುತ್ತಿರಲಿಲ್ಲ. ಮುಂಜಾನೆ ಅಡುಗೆಮನೆಯಲ್ಲಿ ಒಂದು ತಪ್ಪಲೆ ಬಿದ್ದರೆ ಸಂಜೆಯವರೆಗೆ ಅಂಗೈ ಬೆವರುತ್ತಿತ್ತು, ಊಟ ಸೇರುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ನಾನು ನಕ್ಕಾಗ ಅತ್ತೆ ಬೈಯಲಿಲ್ಲ. "ತಪ್ಪು ಅವಂದಲ್ಲ ಬೇ" ಎಂದರು. "ಅಂವ ಹೊಟ್ಟ್ಯಾಗಿದ್ದಾಗ ನಾ ಹೆದರಿದ್ದೆ. ನನ್ನ ಹೆದರಿಕಿ ಕುಡದು ಬೆಳದಾನ ಅಂವ."

ಅದು ನಿಜಾಮನ ರಜಾಕಾರರ ಗದ್ದಲದ ವರ್ಷ. ಊರಿಗೆ ಅವರ ಮಂದಿ ಬರುತ್ತಾರೆಂಬ ಸುದ್ದಿ ಹಬ್ಬಿ ಮನೆಯವರೆಲ್ಲ ಹೊಲದ ಕಡೆ ಓಡಿದರು. ತುಂಬಿದ ಬಸುರಿ ಅತ್ತೆ ಓಡುವಂತಿರಲಿಲ್ಲ. ಅವರನ್ನು ಅಂಗಳದ ಹಗೇವಿಗೆ ಇಳಿಸಿದರು. ಹಗೇವೆಂದರೆ ಜೋಳ ತುಂಬಿಡಲು ನೆಲದಲ್ಲಿ ಬಾವಿಯಂತೆ ತೋಡಿದ ಕಣಜ; ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಗಾಳಿಗೆಂದು ಒಂದು ಸೀಳು ಬಿಟ್ಟು ಬಾಯಿಗೆ ಚಪ್ಪಡಿ ಎಳೆದು, ಮೇಲೆ ಜೋಳದ ದಂಟಿನ ಕಣಿಕೆ ಹರವಿದರು. ಕಾವಲಿಗೆ ಕುಳಿತದ್ದು ಪಕ್ಕದ ಮನೆಯ ಮಾಲನ್‌ಬಿ, ತನ್ನ ಆಡುಗಳನ್ನು ಸುತ್ತ ಬಿಟ್ಟುಕೊಂಡು. ಆಕೆ ಸೀಳಿಗೆ ಬಾಯಿಟ್ಟು ಹೇಳಿದಳಂತೆ: "ಭಾಗವ್ವಾ, ಫಿಕರ್ ಮಾಡಬ್ಯಾಡ. ನಾ ಆಡಿಗೆ ಬೈಕೋತ ಇರ್ತೇನಿ. ಬೈಗುಳ ಕೇಳಸ್ತದಂದ್ರ ಹೊರಗ ಎಲ್ಲಾ ಬರೋಬರಿ ಅದ ಅಂತ ತಿಳಕೊ. ನಾ ಸುಮ್ಮಾದೆ ಅಂದ್ರ ಉಸರ ಹಿಡಿ."

ಮಾಲನ್‌ಬಿಯ ಆಡುಗಳು ಆ ದಿನ ಕೇಳಿದಂಥ ಮಾತನ್ನು ಜನ್ಮದಲ್ಲಿ ಕೇಳಿರಲಿಕ್ಕಿಲ್ಲ. ಆಮೇಲೆ ಒಮ್ಮೆಲೇ ದನಿ ನಿಂತಿತು. ತಲೆಯ ಮೇಲೆ ಕಾಲ ಸಪ್ಪಳ. ಚಪ್ಪಡಿ ಅಲುಗಿ ಮಣ್ಣು ಉದುರಿತು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತರು. ಒಳಗೆ ಕೂಸು ಒದ್ದು, ಆಮೇಲೆ ಅದೂ ಸುಮ್ಮನಾಯಿತಂತೆ. ಎಷ್ಟು ಹೊತ್ತು ಎಂದು ಕೇಳಿದರೆ ಒಮ್ಮೆ "ಎಲಿ ಅಡಿಕಿ ಹಾಕೋವಷ್ಟು" ಎನ್ನುತ್ತಿದ್ದರು, ಇನ್ನೊಮ್ಮೆ "ಇಡೀ ಹಗಲು". ಕೊನೆಗೆ ತಿಳಿದದ್ದೇನೆಂದರೆ ಓಣಿಗೆ ಯಾರೂ ಬಂದಿರಲೇ ಇಲ್ಲ. ಮನೆಯ ಎತ್ತು ಹಗ್ಗ ಹರಿದುಕೊಂಡಿತ್ತು. ಮಾಲನ್‌ಬಿ ಬೈಯುವುದನ್ನು ಬಿಟ್ಟು ಅದರ ಹಿಂದೆ ಓಡಿದ್ದಳು. ಚಪ್ಪಡಿ ತುಳಿದದ್ದು ಆ ಎತ್ತು.

"ಎತ್ತಿಗೆ ಹೆದರಿದ್ರೂ ಹೆದರಿಕಿ ಹೆದರಿಕೀನೇ ಅಲ್ಲೇನ ಬೇ?" ಎಂದು ಅತ್ತೆ ನಗುತ್ತಿದ್ದರು. ಹೇಳಿ ಮುಗಿಸಿದ ಮೇಲೆ ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದರು.

ನಾನು ಡೈರಿ ಬರೆಯುವವಳು, ಆದರೆ ಈ ಕಥೆ ಕೇಳಿದ ದಿನಗಳ ಹಾಳೆಯಲ್ಲಿ ಹಾಲಿನ ಲೆಕ್ಕವೂ ತಲೆನೋವೂ ಬಿಟ್ಟರೆ ಏನಿಲ್ಲ. ಬೈಗುಳದ ಆ ಮಾತನ್ನು ಹೇಳಿದ್ದು ಅತ್ತೆಯೋ, ಮುಂದೆಂದೋ ಮಾಲನ್‌ಬಿಯ ಮಗಳೋ, ನನಗೀಗ ಖಾತ್ರಿಯಿಲ್ಲ. ಮುಂದೆ ನಡೆದದ್ದಕ್ಕೆ ಹೊಂದಲೆಂದು ನಾನೇ ಹಿಂದಿನದನ್ನು ತಿದ್ದಿಕೊಂಡಿರಲೂಬಹುದು. ಹಗೇವು ಮಾತ್ರ ಸುಳ್ಳಲ್ಲ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅದಕ್ಕೆ ಮಣ್ಣು ತುಂಬಿ ಆ ಜಾಗದಲ್ಲಿ ಎಮ್ಮೆ ಕಟ್ಟುತ್ತಿದ್ದರು. ಮಳೆ ಬಂದಾಗ ಅಲ್ಲಷ್ಟೇ ನೆಲ ಕುಸಿಯುತ್ತಿತ್ತು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಾನು ಬಸುರಾದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನನ್ನ ತವರು ಆಳಂದದ ಕಡೆಯ ಮಟಕಿ. ಕುಬುಸ, ಅಂದರೆ ಸೀಮಂತದ ಶಾಸ್ತ್ರ ಮುಗಿದ ಮೇಲೆ ಅಣ್ಣ ಕರೆಯಲು ಬಂದ. ಆ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದಿದ್ದರು. ಅತ್ತೆ ಅಣ್ಣನಿಗೆ ಉಣಬಡಿಸಿ, ಚಹಾ ಕೊಟ್ಟು, ಆಮೇಲೆ ಹೇಳಿದರು: "ತಮ್ಮಾ, ಜಡ್ಡಿನ ಮನಿಗಿ ಬಸರಿ ಕಳಸಂಗಿಲ್ಲ. ಸಿಟ್ಟಾಗಬ್ಯಾಡ."

"ಅಪ್ಪ ನೋಡಬೇಕು ಅನ್ನಾಕತ್ತಾನ್ರಿ ಅತ್ತಿ" ಎಂದ ಅಣ್ಣ.

"ಹಡದ ಮ್ಯಾಲ ಮಮ್ಮಗನ್ನ ಎತಕೊಂಡೇ ಬರ್ತಾಳ. ಈಗ ಬ್ಯಾಡ."

ನಾನು ಅಳುತ್ತ ಜಗಳಾಡಿದೆ, ಗಂಡನನ್ನು ಕೇಳಿದೆ. ಅವರು ತಾಯಿಯ ಮುಖ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. ಅಣ್ಣ ಒಬ್ಬನೇ ಹೋದ. ಯಾವ ಬಾಗಿಲಿಗೂ ಚಿಲಕವಿಲ್ಲದ ಮನೆಯಲ್ಲಿ ನಾನು ಸಿಕ್ಕಿಬಿದ್ದಿದ್ದೆ. ಎದ್ದು ಹೊರಟರೆ ಹಿಡಿಯುವವರಿರಲಿಲ್ಲ. ಬಸ್ ನಿಲ್ದಾಣದ ತನಕ ಒಮ್ಮೆ ಹೋಗಿಯೂ ಇದ್ದೆನೆಂದು ನೆನಪು. ಆಳಂದದ ಬಸ್ಸು ನಿಂತಿತ್ತು, ಹತ್ತಲಿಲ್ಲ. ಕೆಟ್ಟ ರಸ್ತೆಯಲ್ಲಿ ಕೂಸಿಗೆ ಏನಾದರೂ ಆದರೆ ಎಂಬ ಹೆದರಿಕೆ. ಆ ಹೆದರಿಕೆಯನ್ನು ನನ್ನೊಳಗೆ ಇಟ್ಟವರು ಅತ್ತೆಯೇ.

ಹೀಗಿರುವಾಗ ಒಂದು ಮುಂಜಾನೆ ಮನೆಯಲ್ಲಿ ಸದ್ದಿರಲಿಲ್ಲ. ಎಮ್ಮೆ ಹಾಲಿನ ಚೆಂಬು ಒದ್ದಿತು, ಅತ್ತೆ ಬೈಯಲಿಲ್ಲ. ನಾನು ಎದ್ದದ್ದು ತಡವಾಗಿತ್ತು. "ಇನ್ನ ಸ್ವಲ್ಪ ಮಲಗು ಯವ್ವಾ" ಎಂದರು. ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿತ್ತು. "ರುಚಿ ಆಗ್ಯದ" ಎಂದು ಉಂಡರು. ನಾನು ಕೈ ತೊಳೆದು ಅವರ ಎದುರು ಬಂದು ಕೂತೆ.

"ಅತ್ತಿ, ನಮ್ಮಪ್ಪ ಹ್ಯಾಂಗದಾನ್ರಿ?"

"ಆರಾಮ ಅದಾರ ಬೇ. ಗಂಜಿ ಕುಡ್ಯಾಕತ್ತಾರಂತ."

"ಯಾರು ಹೇಳಿದ್ರು?"

"ಮಟಕಿ ಕಡಿ ಮಂದಿ ಸಂತಿಗಿ ಬಂದಿದ್ರು."

ಅಂದು ಸಂತೆಯ ದಿನವಲ್ಲ. ಗಂಡನನ್ನು ಕೇಳಿದಾಗ ಅವರು ಚಹಾವನ್ನು ಅರ್ಧಕ್ಕೇ ಕೆಳಗಿಟ್ಟರು. ಎದ್ದು ಹೊರಗೆ ಹೋದರು. ಓಣಿಯ ಹೆಂಗಸರೆಲ್ಲ ನನ್ನ ಮುಂದೆ ನಗುನಗುತ್ತ ಮಾತಾಡಿದರು. ಅಪ್ಪ ಹೋದರೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದಂತೆಯೂ ಇರಬೇಕಾಗಿತ್ತು, ಯಾಕೆಂದರೆ ಯಾರೂ ಹೇಳಿರಲಿಲ್ಲ. ಅಳುವುದಕ್ಕೂ ಒಬ್ಬರು ಬಂದು ಹೇಳಬೇಕಾಗುತ್ತದೆ. ಹೆರಿಗೆಯ ತನಕ ನಾನು ದಿನವೂ ಕಿವಿಗೊಟ್ಟು ಕಾಯುತ್ತಿದ್ದೆ, ಅತ್ತೆ ಒಮ್ಮೆ ಬೈಯಲಿ ಎಂದು. ಅವರು ದಿನದಿನಕ್ಕೆ ಹೆಚ್ಚು ಮೆತ್ತಗಾದರು.

ಮಗಳು ಕವಿತಾ ಹುಟ್ಟಿದಳು. ತೊಟ್ಟಿಲಿಗೆ ಹಾಕುವ ಮುಂಚೆ ಮಟಕಿಯಿಂದ ನನ್ನ ಅವ್ವ ಬಂದಳು. ಬಾಗಿಲಲ್ಲಿ ನಿಂತ ಅವಳ ಹಣೆಯಲ್ಲಿ ವಿಭೂತಿ ಮಾತ್ರ ಇತ್ತು. ಕೈಯಲ್ಲಿ ಬಳೆ ಇರಲಿಲ್ಲ. ಅತ್ತೆ ಬಂದು ನನ್ನ ತೋಳಿನಿಂದ ಕೂಸನ್ನು ಎತ್ತಿಕೊಂಡರು. "ಈಗ ಅಳು" ಎಂದರು.

ಕೆಲವು ವರ್ಷಗಳ ಮೇಲೆ ಆಳಂದದ ಕಾಲೇಜಿನಲ್ಲಿ ನನಗೆ ಕಲಿಸುವ ಕೆಲಸ ಸಿಕ್ಕಿತು. ಪಾಠಕ್ಕೆಂದು ಓದುತ್ತಿದ್ದಾಗ ಇಲಿಗಳ ಪ್ರಯೋಗಗಳ ವಿಷಯ ಕಣ್ಣಿಗೆ ಬಿತ್ತು. ಬಸುರಿ ಇಲಿಯನ್ನು ಹೊರಳಲಾರದಂಥ ಇಕ್ಕಟ್ಟಾದ ಕೊಳವೆಯಲ್ಲಿ ಕೂಡಿಹಾಕುತ್ತಾರೆ. ಮರಿಗಳನ್ನು ಯಾರೂ ಮುಟ್ಟುವುದಿಲ್ಲ. ಆದರೂ ಅವು ದೊಡ್ಡವಾದ ಮೇಲೆ ಸಣ್ಣ ಗಾಬರಿಗೂ, ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಗ್ರಂಥಿ ರಕ್ತಕ್ಕೆ ಹಾರ್ಮೋನು ಸುರಿಸುತ್ತದೆ. ಗಾಬರಿಯ ಕಾರಣ ಮುಗಿದರೂ ಅದು ಬೇಗ ಇಳಿಯುವುದಿಲ್ಲ. ಸಾಕು ಎಂದು ಹೇಳಬೇಕಾದ ಮಿದುಳಿನ ದನಿ ಅವುಗಳಲ್ಲಿ ಕ್ಷೀಣ. ಪುಸ್ತಕ ಮಡಚಿಟ್ಟು ಗಂಡನ ಅಂಗೈಯನ್ನು ನೆನೆದೆ.

ಆಮೇಲೆ ಮಗಳನ್ನು ನೋಡುವ ನನ್ನ ಕಣ್ಣು ಕೆಟ್ಟಿತು. ಅವಳು ಗುಡುಗಿಗೆ ಅತ್ತರೆ, ಅಳು ನಿಲ್ಲಲು ತಡವಾದರೆ, ನಾನು ಗಡಿಯಾರ ನೋಡುತ್ತಿದ್ದೆ. ಅದು ನನ್ನ ಆ ತಿಂಗಳುಗಳ ಫಲವೋ, ತಂದೆಯಿಂದ ಬಂದ ಸ್ವಭಾವವೋ, ಸುಮ್ಮನೆ ಮಕ್ಕಳ ಅಳುವೋ, ಅಥವಾ ತಾಯಿ ಹೀಗೆ ದಿಟ್ಟಿಸುವುದನ್ನು ಕಂಡೇ ಅವಳು ಹೆದರುತ್ತಿದ್ದಳೋ? ಪ್ರಯೋಗಶಾಲೆಯಲ್ಲಿ ಹೋಲಿಸಿ ನೋಡಲು, ಹೆದರಿಸದೆ ಬಿಟ್ಟ ಇಲಿಯ ಮರಿಗಳೂ ಇರುತ್ತವೆ. ನನಗಿದ್ದವಳು ಒಬ್ಬಳೇ ಕವಿತಾ.

ರಜೆಗೆ ಅಫಜಲಪುರಕ್ಕೆ ಹೋದಾಗ ಅತ್ತೆಗೆ ಇಲಿಗಳ ಕಥೆ ಹೇಳಿದೆ. ಹೇಳುವ ಧಾಟಿಯಲ್ಲಿ ನಂಜಿತ್ತೆಂದು ಕಾಣುತ್ತದೆ.

"ಬಸರಿ ಇಲಿ ಹೆದರಿಸ್ತಾರ? ಓದಿದ ಮಂದಿ?" ಎಂದರು. "ಅವ್ರ ಮನ್ಯಾಗ ಹೆಣ್ಣಮಕ್ಕಳಿಲ್ಲೇನ?"

"ನೀವು ಮಾಡಿದ್ದೂ ಅದೇ ಅಲ್ಲೇನ್ರಿ ಅತ್ತಿ? ಹೇಳಿದ್ರ ಒಂದ ದಿನ ಅಳ್ತಿದ್ದೆ. ಹೇಳಲಾರದ ನನ್ನ ಹಗೇವಿನ್ಯಾಗ ಕೂಡಿಸಿದ್ರಿ."

ಅವರು ಹಾಲಿನ ಮೇಲಿನ ತಟ್ಟೆಯನ್ನು ಇನ್ನಷ್ಟು ಓರೆ ಮಾಡಿ ಎದ್ದುಹೋದರು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅತ್ತೆಯ ಎದೆ ಸೋತಿತು. ಆಗಲೇ ಜೇವರ್ಗಿಯಲ್ಲಿ ಶಾಂತಾ ಬಸುರಿ. ಹಿಂದಿನ ಬಸಿರುಗಳು ನಿಂತಿರಲಿಲ್ಲ. ಡಾಕ್ಟರು ಅವಳಿಗೆ ಮಂಚ ಬಿಟ್ಟು ಇಳಿಯಬಾರದೆಂದು ಹೇಳಿದ್ದರು. ಮಗಳು ಬರುವಂತಿಲ್ಲ, ತಾಯಿ ಹೋಗುವಂತಿಲ್ಲ. ಒಂದು ಮಧ್ಯಾಹ್ನ ಅತ್ತೆ, ರಜೆ ಹಾಕಿ ಬಂದಿದ್ದ ನನ್ನನ್ನು ಹತ್ತಿರ ಕರೆದರು.

"ನಾ ಹ್ವಾದ್ರ ಶಾಂತಾಗ ಹೇಳಬ್ಯಾಡ. ಹಡೀಲಿ ಮೊದಲ."

ನನಗೆ ಸಿಟ್ಟು ಬಂತು. ಸಾಯುವವರ ಮುಂದೆ ಸಿಟ್ಟು. "ನನಗ ಮಾಡಿದ್ದು ಮರ್ತ್ರೇನ್ರಿ ಅತ್ತಿ?"

"ಮರ್ತಿಲ್ಲ. ಅದಕ್ಕ ನಿನಗ ಹೇಳಾಕತ್ತೇನಿ, ಕಪ್ಪಿ ಕೊಯ್ಯಾಕಿ." ಉಸಿರು ತೆಗೆದುಕೊಂಡರು. "ನಾ ಬೈಯೂದು ಬಿಟ್ಟೆ. ಅಲ್ಲೇ ತಪ್ಪಿದೆ. ನನ್ನಂಗ ನೀ ಸುಮ್ಮಾಗಬ್ಯಾಡ."

ನಾನು ಮಾತು ಕೊಡದೆ ಎದ್ದು, ಅವರ ಎದುರಿನ ಬಾಗಿಲನ್ನು ಇನ್ನಷ್ಟು ತೆರೆದೆ.

ಅತ್ತೆಯನ್ನು ಮಣ್ಣು ಮಾಡಿ ಬಂದ ಮೇಲೆ ಹಿರಿಯರೆಲ್ಲ ಕೂತು ಮಾತಾಡಿ ನನ್ನನ್ನೇ ಜೇವರ್ಗಿಗೆ ಕಳಿಸಿದರು. ಎಂದಿನಂತೆ ತವರಿನ ಹಿಂಡಿ ಹೋಗದಿದ್ದರೆ ಶಾಂತಾಳಿಗೆ ಸಂಶಯ ಬರುತ್ತದೆ ಎಂಬುದು ಅವರ ಲೆಕ್ಕ. ಹಿಂಡಿ ಕುಟ್ಟಿದ್ದು ನಾನೇ. ಬಸ್ಸಿನಲ್ಲಿ ಇಡೀ ದಾರಿ ಒಂದೇ ನಿರ್ಧಾರ: ಹೇಳಿಬಿಡುತ್ತೇನೆ. ನನ್ನ ಪಾಲಿಗೆ ಬಂದ ಕತ್ತಲೆ ಅವಳಿಗೆ ಬೇಡ.

ಶಾಂತಾ ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದಳು. ಬಿಸಿಲಿಗೆಂದು ಕಿಟಕಿ ಮುಚ್ಚಿತ್ತು. ಅವಳ ಗಂಡ ಬಾಗಿಲಲ್ಲಿ ನಿಂತು ಕಣ್ಣಿನಲ್ಲೇ ನನ್ನನ್ನು ಬೇಡಿಕೊಳ್ಳುತ್ತಿದ್ದ.

"ಬರ್ರಿ ವೈನಿ. ಅವ್ವ ಹ್ಯಾಂಗದಾಳ್ರಿ?" ಎಂದಳು. "ಏನಂತ ಬೈದಳು ನನಗ?"

ಅವಳ ಅಂಗೈ ಹೊಟ್ಟೆಯ ಮೇಲಿತ್ತು. ಹೇಳಿದರೂ ಹೆದರಿಕೆ, ಹೇಳದಿದ್ದರೂ ಹೆದರಿಕೆ. ಎರಡರಲ್ಲಿ ಯಾವುದು ಒಳಗಿನ ಜೀವಕ್ಕೆ ಕಡಿಮೆ ತಟ್ಟುತ್ತದೆಂದು ನಾನು ಓದಿದ ಯಾವ ಪುಸ್ತಕವೂ ಹೇಳಿರಲಿಲ್ಲ. ಬಾಯಿ ತೆರೆದೆ. ಬಂದದ್ದು ನನ್ನ ದನಿಯಲ್ಲ.

"ಬೈಲಾರದ ಇರ್ತಾರೇನ? 'ಆ ಮೂಳಿಗಿ ಹೇಳು, ಮಹಾರಾಣಿ ಹಾಂಗ ಮಲಗಿ ಹಿಂಡಿ ತಿಂದು, ಡಬ್ಬಿ ತೊಳೀಲಾರದ ಕಳಸ್ತಾಳ. ನಾ ಏನ್ ಆಕಿ ಮಾವನ ಮನಿ ಆಳೇನು?' ಅಂದ್ರು."

ಶಾಂತಾ ಜೋರಾಗಿ ನಕ್ಕಳು. ನಗುತ್ತಲೇ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಮುಚ್ಚಳಕ್ಕೆ ಉಗುರು ಹಾಕಿ ಎಳೆದಳು. ಬರಲಿಲ್ಲ. ಅತ್ತೆ ಕಟ್ಟುತ್ತಿದ್ದ ಅರಿವೆ ಮೇಲೆ ಇರಲಿಲ್ಲ. ನನ್ನ ಚೀಲ ಹಾಳಾಗದಿರಲೆಂದು ನಾನು ಅದನ್ನು ಬಿಗಿದು ಮುಚ್ಚಿದ್ದೆ.

ಅವಳು ಬಹಳ ಹೊತ್ತು ಆ ಮುಚ್ಚಳವನ್ನೇ ನೋಡಿದಳು. ನಗು ಇನ್ನೂ ಮುಖದ ಮೇಲೆ ಇದ್ದಲ್ಲೇ ಇತ್ತು. ಆಮೇಲೆ ಡಬ್ಬಿಯನ್ನು ಮಗ್ಗುಲಲ್ಲಿಟ್ಟು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

"ಇನ್ನೂ ಏನಂದ್ಲು ವೈನಿ?" ಎಂದಳು. "ನಿಲ್ಲಸಬ್ಯಾಡ್ರಿ."

ನಾನು ನಿಲ್ಲಿಸಲಿಲ್ಲ. ಎಮ್ಮೆಗೆ ಬೈದೆ, ಒಲೆಗೆ ಬೈದೆ, ತಡವಾಗಿ ಬರುವ ನಳಕ್ಕೆ ಬೈದೆ.