ಕೀಲಿ ತೆಗೆದ ಮೇಲೂ

ಗೋಳಗುಮ್ಮಟದ ಬಳಿ ಕಾರು ರಿಪೇರಿ ಮಾಡುತ್ತಿದ್ದ ಆ ಮಿಸ್ತ್ರಿ ಮಾಟ ಬಲ್ಲವನೆಂದು ವಿಜಾಪುರದವರು ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನ್ನಿಗೆ ಒತ್ತಿ, ಅದರ ಹಿಡಿಗೆ ಕಿವಿಗೊಟ್ಟು, "ಅದು ಮಾತಾಡ್ಲಿ, ನೀವು ಸುಮ್ಕಿರ್ರಿ" ಎನ್ನುತ್ತಿದ್ದ. ಅದು ಮಾಟವಲ್ಲ, ಕಸುಬು.

ಎಪ್ಪತ್ತರ ದಶಕದಲ್ಲಿ, ತೀರಿಕೊಂಡ ಡಾಕ್ಟರೊಬ್ಬರ ವೇಗದ ವಿಲಾಯತಿ ಕಾರನ್ನು ನಾನು ಕೊಂಡಿದ್ದೆ. ಅದು ಎಣ್ಣೆ ಕುಡಿಯುತ್ತಿತ್ತು. ಸಣ್ಣ ವಾಷರಿಗೂ ಮುಂಬಯಿಗೆ ಬರೆಯಬೇಕಿತ್ತು. ಅದನ್ನೆಲ್ಲ ಸಹಿಸಿದೆ. ಆದರೆ ಕೀಲಿ ತೆಗೆದ ಮೇಲೂ ಇಂಜಿನ್ನು ನಡುಗುತ್ತ ಓಡುತ್ತಲೇ ಇರುತ್ತಿತ್ತು. ಬಬಲೇಶ್ವರದಿಂದ ಅವ್ವನನ್ನು ಕಣ್ಣಿನ ಆಪರೇಷನ್ನಿಗೆ ಕರೆತರಲು ಹೋದಾಗ ಆಕೆ ಆ ಸದ್ದು ಕೇಳಿದಳು.

"ಡಾಕ್ಟರ್ ಇನ್ನೂ ಇಳದಿಲ್ಲೋ ಯಪ್ಪಾ. ಕುರುಡಿ ಆದ್ರೂ ಅಡ್ಡಿಯಿಲ್ಲ, ಅದರಾಗ ಕೂಡಂಗಿಲ್ಲ."

ಕಾರನ್ನು ಮಿಸ್ತ್ರಿಯ ಬಳಿಗೆ ಒಯ್ದೆ. ಅವನು ಇಂಜಿನ್ನಿನ ತಲೆ ಬಿಚ್ಚಿ, ಒಳಗೆ ಕಟ್ಟಿದ್ದ ಮಸಿಯನ್ನು ಕೆರೆದು ತೋರಿಸಿದ. "ಈ ಮಸಿ ಕೆಂಡ ಆಗತೈತ್ರಿ, ಪೆಟ್ರೋಲ್ ತಾನ ಹೊತ್ತತೈತಿ. ನಿಮ್ಮ ದೆವ್ವ ಅಂದ್ರ ಇಷ್ಟ ನೋಡ್ರಿ."

ಅವ್ವನನ್ನು ಒಪ್ಪಿಸಲು ಅವನೇ ಕಾರು ನಡೆಸಿಕೊಂಡು ನನ್ನೊಡನೆ ಬಬಲೇಶ್ವರಕ್ಕೆ ಬಂದ. ಅಂಗಳದಲ್ಲಿ ಕೀಲಿ ತಿರುವಿದೊಡನೆ ಇಂಜಿನ್ನು ನಿಂತಿತು. ಮಿಸ್ತ್ರಿ ಕೆಳಗಿಳಿದು, ಖಾಲಿಯಿದ್ದ ಹಿಂದಿನ ಸೀಟಿನ ಬಾಗಿಲು ತೆರೆದು ಹಿಡಿದು ನಿಂತು, "ಇಳೀರಿ ಸಾಹೇಬ್ರ, ಊರು ಬಂತು" ಎಂದ. ಅವ್ವ ಗಂಟು ಹಿಡಿದು ಹೊರಬಂದು ಕಾರಿನಲ್ಲಿ ಕುಳಿತಳು.

ಆಕೆಯ ಧೈರ್ಯಕ್ಕಾಗಿ ಅವನು ಹಾಗೆ ನುಡಿದನೆಂದರೆ ಒಪ್ಪುತ್ತೇನೆ. ಆದರೆ ನುಡಿದ ಮೇಲೆ ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ; ಅವನ ದೃಷ್ಟಿ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ನಿಧಾನವಾಗಿ ಯಾರನ್ನೋ ಹಿಂಬಾಲಿಸಿತು. ಕಣ್ಣು ಮಸುಕಾದ ಅವ್ವನಿಗೆ ಅದು ಕಾಣುವಂತಿರಲಿಲ್ಲ.